12 ತುಂಬಿದರೂ ಮೇಲಿನ ಕೋರೆ ಹಲ್ಲು ಒಂದು ಕಡೆ ಬಂದಿಲ್ಲ. ಕಾಯಬೇಕಾ, ಎಕ್ಸ್‌ರೇ ತೆಗೆಸಬೇಕಾ?

ಕಾಫಿ_ತೋಟ (ಮೂಡಿಗೆರೆ)
ಮಗಳಿಗೆ 12 ವರ್ಷ 4 ತಿಂಗಳು. ಬಲಗಡೆ ಮೇಲಿನ ಕೋರೆ ಹಲ್ಲು ಕಳೆದ ಬೇಸಿಗೆಯಲ್ಲೇ ಬಂತು. ಎಡಗಡೆ ಮಾತ್ರ ಇನ್ನೂ ಹಾಲು ಹಲ್ಲೇ ಕೂತಿದೆ, ಅಲ್ಲಾಡೋದೂ ಇಲ್ಲ. ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆ. ಬಾಯಿ ತೆರೆಸಿ ನೋಡಿ, “ಬರುತ್ತೆ ಬಿಡಿ, 14ರವರೆಗೂ ಕಾಯಿರಿ” ಅಂದರು. ಎಕ್ಸ್‌ರೇ ತೆಗೆಯಲಿಲ್ಲ. ಅತ್ತೆಯವರೂ ಅದನ್ನೇ ಹೇಳುತ್ತಾರೆ, ಅವರ ತಮ್ಮನಿಗೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಬಂತಂತೆ. ಬೆಂಗಳೂರಿನ ನಾದಿನಿ ಮಾತ್ರ ಫೋನಲ್ಲಿ ಹೆದರಿಸಿಬಿಟ್ಟಳು, ಒಳಗೇ ಸಿಕ್ಕಿಕೊಂಡಿದ್ದರೆ ಆಪರೇಷನ್ ಆಗುತ್ತೆ ಅಂತ. ಹುಡುಗಿಗೆ ನೋವಿಲ್ಲ, ಊತ ಇಲ್ಲ. ಯಾರ ಮನೆಯಲ್ಲಾದರೂ ಹೀಗಾಗಿತ್ತಾ?

ಶಿರಸಿ_ಅಮ್ಮ
ನನ್ನ ಮಗನಿಗೆ 13 ತುಂಬುವಾಗ ಬಂತು. ಎಲ್ಲಾ ಮಕ್ಕಳಿಗೂ ಒಂದೇ ಲೆಕ್ಕ ಇರೋದಿಲ್ಲ ಅಕ್ಕ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬಾಯಿ_ತೆರಿ_ಕಂದ (ದಾವಣಗೆರೆ, ಮಕ್ಕಳ ಹಲ್ಲಿನ ಡಾಕ್ಟರು)
ಶಿರಸಿಯ ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಹಲ್ಲು ಹುಟ್ಟುವ ವಯಸ್ಸಿನಲ್ಲಿ ಆರು ತಿಂಗಳು, ಒಂದು ವರ್ಷ ಹಿಂದೆ ಮುಂದೆ ಆಗೋದು ಮಾಮೂಲು. ಮೇಲಿನ ಕೋರೆ ಹಲ್ಲು ಸಾಮಾನ್ಯವಾಗಿ 11-12ಕ್ಕೆ ಬರುತ್ತದೆ, ಕೆಲವರಿಗೆ 13. ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಬೇಗ.

ಆದರೆ ಇಲ್ಲಿ ವಯಸ್ಸಿಗಿಂತ ಎಡ ಬಲದ ವ್ಯತ್ಯಾಸ ಮುಖ್ಯ. ಎರಡೂ ಕಡೆ ಬಂದಿಲ್ಲ ಅಂದರೆ ಮಗು ನಿಧಾನ ಇರಬಹುದು. ಒಂದು ಕಡೆ ಬಂದು ಆರು ತಿಂಗಳು ದಾಟಿದರೂ ಇನ್ನೊಂದು ಕಡೆ ಬರದಿದ್ದರೆ, ಅದಕ್ಕೆ ಏನೋ ಕಾರಣ ಇದೆ ಅಂತಲೇ ನಾವು ಹೊರಡೋದು. ಜೊತೆಗೆ ಹಾಲು ಹಲ್ಲು ಗಟ್ಟಿಯಾಗಿದೆ ಅಂತೀರಿ. ಒಳಗಿಂದ ಬರುವ ಹಲ್ಲು ಹಾಲು ಹಲ್ಲಿನ ಬೇರನ್ನು ಕರಗಿಸುತ್ತಾ ಬರಬೇಕು, ಆಗಲೇ ಅದು ಅಲ್ಲಾಡೋದು. ಅಲ್ಲಾಡುತ್ತಿಲ್ಲ ಅಂದರೆ ಹೊಸ ಹಲ್ಲು ಆ ದಾರಿಯಲ್ಲಿ ಇಲ್ಲದಿರಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈ ತೊಳೆದು ಮಗಳನ್ನು ಕಿಟಕಿ ಬೆಳಕಿಗೆ ಕೂರಿಸಿ. ಮೇಲ್ತುಟಿ ಎತ್ತಿ, ತೋರುಬೆರಳಿನ ತುದಿಯನ್ನು ಹಾಲು ಕೋರೆ ಹಲ್ಲಿನ ಮೇಲ್ಗಡೆ, ವಸಡು ತುಟಿ ಸೇರುವ ಮಡಿಕೆಯವರೆಗೂ ಜಾರಿಸಿ. ಮೂಳೆಯಂಥ ಗಟ್ಟಿ ಉಬ್ಬು ಸಿಗುತ್ತಾ? ಸಿಕ್ಕರೆ ಹಲ್ಲು ಹೊರಗಡೆ, ಸರಿಯಾದ ಜಾಗದ ಹತ್ತಿರ ಇದೆ. ಆ ಜಾಗ ಚಪ್ಪಟೆಯಾಗಿ ಅಥವಾ ತಗ್ಗಾಗಿ ಇದ್ದರೆ ಎಕ್ಸ್‌ರೇಗೆ ಹೋಗಿ. ನಿಜಕ್ಕೂ ಈ ಉಬ್ಬನ್ನು 9-10ನೇ ವಯಸ್ಸಿಗೇ ಮುಟ್ಟಿ ನೋಡಬೇಕು.

ಇನ್ನೊಂದು ಪ್ರಶ್ನೆ. ಅದರ ಪಕ್ಕದ ಬಾಚಿಹಲ್ಲು, ಅಂದರೆ ನಡುವಿನಿಂದ ಎರಡನೆಯದು, ಬೇರೆ ಹಲ್ಲುಗಳಿಗಿಂತ ಚಿಕ್ಕದಾಗಿ ಮೊನೆಯಾಗಿದೆಯಾ?

ಕಾಫಿ_ತೋಟ
ಡಾಕ್ಟ್ರೇ, ಈಗಷ್ಟೇ ಮುಟ್ಟಿ ನೋಡಿದೆ. ಏನೂ ಸಿಗಲಿಲ್ಲ, ಚಪ್ಪಟೆ ಇದೆ. ಪಕ್ಕದ ಹಲ್ಲು ನಿಜವಾಗಿಯೂ ಚಿಕ್ಕದು, ಅಕ್ಕಿ ಕಾಳಿನಷ್ಟು ಅಂತ ನಾವೇ ತಮಾಷೆ ಮಾಡುತ್ತಿದ್ದೆವು. ನಮ್ಮ ಯಜಮಾನರ ಅಕ್ಕನಿಗೂ ಹಾಗೇ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬಾಯಿ_ತೆರಿ_ಕಂದ
ಸಂಬಂಧ ಇದೆ. ಕೋರೆ ಹಲ್ಲು ಹುಟ್ಟುವುದು ಮೂಗಿನ ಪಕ್ಕ, ತುಂಬಾ ಮೇಲೆ. ಅಷ್ಟು ದೂರದಿಂದ ಇಳಿಯುವಾಗ ಪಕ್ಕದ ಬಾಚಿಹಲ್ಲಿನ ಬೇರನ್ನೇ ಒರಗಿಕೊಂಡು ಬರುತ್ತದೆ. ಆ ಹಲ್ಲು ಚಿಕ್ಕದಿದ್ದರೆ, ಅಥವಾ ಹುಟ್ಟಿನಿಂದಲೇ ಇಲ್ಲದಿದ್ದರೆ, ಕೋರೆ ಹಲ್ಲು ಅಂಗುಳಿನ ಕಡೆ ತಿರುಗಿಬಿಡುವ ಸಾಧ್ಯತೆ ಜಾಸ್ತಿ. ಹೀಗೆ ಒಳಗೆ ಸಿಕ್ಕಿಕೊಳ್ಳೋದು ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಅಷ್ಟೇ. ಹುಡುಗಿಯರಲ್ಲಿ ಜಾಸ್ತಿ. ಮನೆತನದಲ್ಲಿ ಬರುವುದೂ ಹೌದು.

14ರವರೆಗೂ ಕಾಯಬೇಡಿ. ಈ ತಿಂಗಳೇ ಎಕ್ಸ್‌ರೇ ಆಗಲಿ.

ಸಿವಿಲ್_ಎಂಜಿನಿಯರ್ (ತುಮಕೂರು)
ಒಂದು ಅನುಮಾನ. ಹಲ್ಲಿನ ಕ್ಲಿನಿಕ್‌ಗೆ ಕಾಲಿಟ್ಟರೆ ಮೊದಲು ಎಕ್ಸ್‌ರೇ, ಆಮೇಲೆ ಕ್ಲಿಪ್ಪು. ಬೆಳೆಯುವ ಮಕ್ಕಳಿಗೆ ಅಷ್ಟು ವಿಕಿರಣ ಬೇಕಾ? ನೋವೇ ಇಲ್ಲ ಅನ್ನುತ್ತಿದ್ದಾರೆ ಅವರು.

ಬಾಯಿ_ತೆರಿ_ಕಂದ
ಸುಮ್ನೆ ತೆಗೆಯುವ ಎಕ್ಸ್‌ರೇ ಬೇಡ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಇದ್ದು ತೆಗೆಯುವ ಓಪಿಜಿಯ (ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ) ವಿಕಿರಣ, ನಾವೆಲ್ಲ ಮಣ್ಣು, ಗಾಳಿ, ಆಕಾಶದಿಂದ ಕೆಲವು ದಿನಗಳಲ್ಲಿ ಪಡೆಯುವಷ್ಟೇ. ಒಂದೆರಡು ಹಲ್ಲಿಗಷ್ಟೇ ತೆಗೆಯುವ ಚಿಕ್ಕ ಫಿಲ್ಮ್ ಇನ್ನೂ ಕಡಿಮೆ. ಸಿಬಿಸಿಟಿ ಅನ್ನುವ 3ಡಿ ಸ್ಕ್ಯಾನ್ ಇದಕ್ಕಿಂತ ಜಾಸ್ತಿ, ಅದನ್ನು ಮೊದಲ ದಿನವೇ ಬರೆದರೆ ಯಾಕೆ ಅಂತ ಕೇಳಿ.

ನೋವಿಲ್ಲದಿರುವುದೇ ಇಲ್ಲಿ ತೊಂದರೆ. ದಾರಿ ತಪ್ಪಿದ ಕೋರೆ ಹಲ್ಲು ಸದ್ದಿಲ್ಲದೆ ಪಕ್ಕದ ಬಾಚಿಹಲ್ಲಿನ ಬೇರನ್ನು ತಿನ್ನಬಹುದು. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಎಂಬ ಸಂಶೋಧಕರು ಇಂಥ ಮಕ್ಕಳನ್ನು ಸಿಟಿ ಸ್ಕ್ಯಾನ್‌ನಲ್ಲಿ ನೋಡಿ 2000ದಲ್ಲಿ ಬರೆದರು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಬಾಚಿಹಲ್ಲಿನ ಬೇರು ಸವೆದಿತ್ತು. ಯಾವ ಮಗುವೂ ಬಂದು “ಅಮ್ಮಾ, ಬೇರು ಸವೀತಿದೆ” ಅನ್ನಲ್ಲ.

ಹುಬ್ಬಳ್ಳಿ_ಅಪ್ಪ
ನಮ್ಮ ಮನೆಯ ಕಥೆ ಕೋರೆ ಹಲ್ಲಿನದಲ್ಲ, ಮುಂದಿನ ಹಲ್ಲಿನದು. ಮಗನಿಗೆ 8 ತುಂಬಿತ್ತು. ಮೇಲೆ ನಡುವಿನ ಎರಡರಲ್ಲಿ ಬಲಗಡೆಯದು ಬಂತು, ಎಡಗಡೆಯದು ಇಲ್ಲ. ಆಮೇಲೆ ನೋಡಿದರೆ ಅದರ ಪಕ್ಕದ್ದು ಬಂದುಬಿಟ್ಟಿತು! ಶಾಲೆಯಲ್ಲಿ ಹುಡುಗರು “ಕಿಂಡಿ” ಅಂತ ಕರೀತಿದ್ರು. ಎಕ್ಸ್‌ರೇ ತೆಗೆದಾಗ ಡಾಕ್ಟರು ಪರದೆಯ ಮೇಲೆ ತೋರಿಸಿದರು. ಎರಡು ದೊಡ್ಡ ಹಲ್ಲುಗಳ ನಡುವೆ ಮೊಳೆಯಂಥದ್ದು ಒಂದು ಚಿಕ್ಕ ಹಲ್ಲು, ಅದೂ ತಲೆಕೆಳಗಾಗಿ, ಮೂಗಿನ ಕಡೆ ಮೊನೆ ಮಾಡಿಕೊಂಡು. ಹೆಚ್ಚುವರಿ ಹಲ್ಲಂತೆ. ಅದೇ ಅಡ್ಡ ನಿಂತಿತ್ತು. ತೆಗೆಸಿದೆವು. ಒಳಗಿದ್ದ ಹಲ್ಲು ಒಂದು ವರ್ಷದೊಳಗೆ ತಾನೇ ಇಳಿಯಿತು, ಸ್ವಲ್ಪ ಸೊಟ್ಟ ಇದೆ ಅಷ್ಟೇ.

ಬಾಯಿ_ತೆರಿ_ಕಂದ
ಅದಕ್ಕೆ ಮೀಸಿಯೋಡೆನ್ಸ್ ಅನ್ನುತ್ತೇವೆ. ಹೆಚ್ಚುವರಿ ಹಲ್ಲುಗಳಲ್ಲಿ ತುಂಬಾ ಕಾಣಸಿಗುವುದು ಇದೇ, ಹುಡುಗರಲ್ಲಿ ಜಾಸ್ತಿ. ನೀವು ಹೇಳಿದ ಸುಳಿವು ಎಲ್ಲರೂ ಗಮನಿಸಬೇಕಾದದ್ದು. ಮೇಲೆ ನಡುವಿನ ಹಲ್ಲು 7-8ಕ್ಕೆ, ಪಕ್ಕದ್ದು 8-9ಕ್ಕೆ ಬರಬೇಕು. ಸರದಿ ತಪ್ಪಿ ಪಕ್ಕದ್ದು ಮೊದಲು ಬಂದರೆ ಕಾಯಬೇಡಿ.

ಅಡ್ಡ ಇದ್ದದ್ದನ್ನು ತೆಗೆದ ಮೇಲೆ ತುಂಬಾ ಹಲ್ಲುಗಳು ತಾವೇ ಬರುತ್ತವೆ, ಜಾಗ ಇರಬೇಕು ಅಷ್ಟೇ. ಕೆಲವನ್ನು ಎಳೆದು ತರಬೇಕಾಗುತ್ತದೆ. ಇನ್ನೊಂದು ಕಾರಣ ಏಟು. 2-3 ವರ್ಷದಲ್ಲಿ ಮಗು ಮೆಟ್ಟಿಲಿಂದ ಬಿದ್ದು ಹಾಲು ಹಲ್ಲು ವಸಡಿನೊಳಗೆ ಹೊಕ್ಕಿದ್ದರೆ, ಒಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಬೇರು ಡೊಂಕಾಗಿ ಅಲ್ಲೇ ನಿಂತುಬಿಡಬಹುದು. ಡಾಕ್ಟರ ಹತ್ತಿರ ಹೋದಾಗ ಹಳೇ ಏಟುಗಳನ್ನು ನೆನಪಿಸಿಕೊಂಡು ಹೇಳಿ.

ಗದಗ_ಹೊಸ_ಅಪ್ಪ
ಇದೇ ಥ್ರೆಡ್‌ನಲ್ಲಿ ಕೇಳಿಬಿಡ್ತೀನಿ ಸರ್. ಮಗಳಿಗೆ ಆರೂವರೆ. ಕೆಳಗಿನ ಎರಡು ಹಾಲು ಹಲ್ಲಿನ ಹಿಂದೆ, ನಾಲಿಗೆ ಕಡೆ, ಹೊಸ ಹಲ್ಲು ಎರಡು ಬಂದು ನಿಂತಿವೆ. ಎರಡು ಸಾಲು! ಅಜ್ಜಿ “ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ, ಕೀಳಿಸಬೇಡ” ಅಂತಾರೆ. ನನ್ನ ಹೆಂಡತಿ ಇವತ್ತೇ ಕೀಳಿಸೋಣ ಅಂತಾಳೆ.

ಬಾಯಿ_ತೆರಿ_ಕಂದ
ಹಾಲು ಹಲ್ಲು ಅಲ್ಲಾಡುತ್ತಿದೆಯಾ? ಹಾಗಿದ್ದರೆ ಇಬ್ಬರೂ ಸಮಾಧಾನವಾಗಿರಿ. ಕೆಳಗಿನ ಬಾಚಿಹಲ್ಲು ಹಿಂದೆ ಬರೋದು ತುಂಬಾ ಸಾಮಾನ್ಯ. ಮಗು ದಿನಾ ನಾಲಿಗೆಯಿಂದಲೇ ಅಲ್ಲಾಡಿಸಲಿ. ಹಾಲು ಹಲ್ಲು ಬಿದ್ದ ಮೇಲೆ ನಾಲಿಗೆಯೇ ಹೊಸದನ್ನು ಮುಂದಕ್ಕೆ ತಳ್ಳುತ್ತದೆ. ಎರಡು ಮೂರು ತಿಂಗಳಾದರೂ ಹಾಲು ಹಲ್ಲು ಗಟ್ಟಿಯಾಗೇ ಇದ್ದರೆ ಕೀಳಿಸಿ. ಆದರೆ ಮೇಲಿನ ಮುಂದಿನ ಹಲ್ಲು ಹೀಗೆ ಹಿಂದೆ ಬಂದರೆ ಬೇಗ ತೋರಿಸಿ. ಅದು ಕೆಳಸಾಲಿನ ಹಿಂದೆ ಸಿಕ್ಕಿಕೊಂಡರೆ ತಾನಾಗಿ ಮುಂದೆ ಬರಲ್ಲ.

ನಿವೃತ್ತ_ಮೇಷ್ಟ್ರು (ಕೊಪ್ಪಳ)
ಹಲ್ಲು ಮತ್ತು ವಯಸ್ಸಿನ ಮಾತು ಬಂತಲ್ಲ, ಒಂದು ಅಡ್ಡ ಮಾತು. ನಮ್ಮ ಕಾಲದಲ್ಲಿ ಜನನ ಪತ್ರ ಇಲ್ಲದ ಮಗುವನ್ನು ಶಾಲೆಗೆ ಸೇರಿಸುವಾಗ, ತಲೆ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಅನ್ನುತ್ತಿದ್ದೆವು. ಮುಟ್ಟಿದರೆ ಒಂದನೇ ಕ್ಲಾಸು. ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ಕಾಯ್ದೆ 9 ವರ್ಷದೊಳಗಿನವರನ್ನು ಗಿರಣಿಗೆ ಸೇರಿಸಬಾರದು ಅಂದಾಗ ಅವರಿಗೂ ಇದೇ ಪೇಚು. ವಯಸ್ಸು ಗೊತ್ತಾಗೋದು ಹೇಗೆ? 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ, ಎತ್ತರ ಅಳೆಯೋದಕ್ಕಿಂತ ಹಲ್ಲು ನೋಡೋದು ಮೇಲು ಅಂತ ಸುಮಾರು ಸಾವಿರ ಮಕ್ಕಳ ಬಾಯಿ ನೋಡಿ ತೋರಿಸಿದ. ನಮ್ಮಲ್ಲಿ ಕುದುರೆ, ಎತ್ತು ಕೊಳ್ಳುವವರು ಅದನ್ನು ಮೊದಲಿಂದಲೂ ಮಾಡುತ್ತಿದ್ದರು ಬಿಡಿ.

ರಾಜಾಜಿನಗರ_ಮಮ್ಮಿ
ಮೇಷ್ಟ್ರೇ, ಕಿವಿ ಮುಟ್ಟಿ ಸೇರಿದವಳೇ ನಾನು 😄

ನನ್ನ ಪ್ರಶ್ನೆ. ಮಗಳಿಗೆ 9. ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ, ಹಲ್ಲುಗಳು ಬೀಸಣಿಗೆ ಥರ ಹರಡಿವೆ. ಒಬ್ಬರು ಈಗಲೇ ಕ್ಲಿಪ್ ಹಾಕಿಸಿ ಅಂದರು. ತುಂಬಾ ದುಡ್ಡು ಕೇಳಿದರು.

ಕ್ಲಿಪ್_ಕೆಲಸ (ಮಂಗಳೂರು, ಹಲ್ಲು ಸಾಲು ಸರಿಪಡಿಸುವ ಆರ್ಥೋಡಾಂಟಿಕ್ಸ್‌ನಲ್ಲಿ ಪಿಜಿ)
ಮೇಡಂ, ಈ ವಯಸ್ಸಿಗೆ ಅದು ಸಹಜ. 1937ರಲ್ಲಿ ಬ್ರಾಡ್‌ಬೆಂಟ್ ಎಂಬ ಅಮೆರಿಕದ ದಂತವೈದ್ಯ ಇದಕ್ಕೆ “ಅಗ್ಲಿ ಡಕ್ಲಿಂಗ್” (ಕುರೂಪಿ ಬಾತುಮರಿ) ಹಂತ ಅಂತ ಹೆಸರಿಟ್ಟ. ಮೇಲಿರುವ ಕೋರೆ ಹಲ್ಲುಗಳು ಪಕ್ಕದ ಬೇರುಗಳನ್ನು ಒತ್ತುವುದರಿಂದ ಹಲ್ಲಿನ ತುದಿಗಳು ಹೊರಕ್ಕೆ ಹರಡುತ್ತವೆ. ಅವು ಇಳಿದ ಮೇಲೆ ಸಂದಿ ಬಹುಮಟ್ಟಿಗೆ ತಾನೇ ಮುಚ್ಚುತ್ತದೆ. ಈಗ ಕ್ಲಿಪ್ ಹಾಕಿ ಬೇರುಗಳನ್ನು ನೇರ ಮಾಡಲು ಹೋದರೆ ಆ ಬೇರು ಕೋರೆ ಹಲ್ಲಿಗೆ ತಗುಲುವ ಅಪಾಯ ಬೇರೆ. ತುಂಬಾ ಅಗಲ ಸಂದಿ ಇದ್ದರೆ ಮಾತ್ರ ನಡುವೆ ಹೆಚ್ಚುವರಿ ಹಲ್ಲಿದೆಯಾ ನೋಡಿಸಿ.

ಬಾಯಿ_ತೆರಿ_ಕಂದ
ಒಪ್ಪುತ್ತೇನೆ. ಇನ್ನೊಂದು ಹೇಳಲೇಬೇಕು, ದಿನಾ ನೋಡುವ ಸಂಗತಿ. 6ನೇ ವಯಸ್ಸಿಗೆ ಹಾಲು ಹಲ್ಲುಗಳ ಸಾಲು ಮುಗಿಯುವಲ್ಲಿ, ಮೇಲೆ ಕೆಳಗೆ ಎರಡೂ ಬದಿಗೆ, ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಏನೂ ಬೀಳದೆ ಬರುತ್ತದೆ. ಹಾಗಾಗಿ ಮನೆಯವರು ಅದೂ ಹಾಲು ಹಲ್ಲೇ, ಹುಳುಕು ಹಿಡಿದರೆ ಬೀಳುತ್ತೆ ಅಂದುಕೊಳ್ಳುತ್ತಾರೆ. ಅದು ಬೀಳಲ್ಲ, ಜೀವನಪೂರ್ತಿ ಇರಬೇಕಾದ ಹಲ್ಲು. ಬ್ರಷ್ ಅಲ್ಲಿಯವರೆಗೂ ಹೋಗಲಿ.

ಅದಕ್ಕೂ ಹಲ್ಲು ಹುಟ್ಟುವುದಕ್ಕೂ ಸಂಬಂಧ ಇದೆ. 5-6 ವರ್ಷದಲ್ಲಿ ಹುಳುಕಾದ ಹಾಲು ದವಡೆ ಹಲ್ಲನ್ನು ಕಿತ್ತು ಹಾಗೇ ಬಿಟ್ಟರೆ, ಈ ಆರು ವರ್ಷದ ಹಲ್ಲು ಮುಂದಕ್ಕೆ ಜಾರಿ ಆ ಜಾಗ ತಿನ್ನುತ್ತದೆ. 10-11ಕ್ಕೆ ಬರಬೇಕಾದ ಹಲ್ಲಿಗೆ ಜಾಗವೇ ಉಳಿಯಲ್ಲ. ಒಳಗೇ ನಿಲ್ಲುತ್ತದೆ, ಇಲ್ಲ ಪಕ್ಕಕ್ಕೆ ನುಗ್ಗುತ್ತದೆ. ಅದಕ್ಕೇ ಸ್ಪೇಸ್ ಮೇಂಟೇನರ್ ಹಾಕೋದು. ಒಂದು ಹಲ್ಲಿಗೆ ಉಂಗುರ, ಅದರಿಂದ ಮುಂದಕ್ಕೆ ಒಂದು ತಂತಿ ಕುಣಿಕೆ. ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ, ಬರುವವರಿಗೆ ಜಾಗ ಹಿಡಿದಿಡೋದು. ಹೊಸ ಹಲ್ಲು ತಲೆ ತೋರಿಸಿದ ಕೂಡಲೇ ತೆಗೆಸೋದು ಮರೆಯಬೇಡಿ.

ದುಬೈ_ಕನ್ನಡಿಗ
ನನಗೆ 34. ಕೆಳಗಡೆ ಎಡಭಾಗದಲ್ಲಿ ಒಂದು ಹಾಲು ದವಡೆ ಹಲ್ಲು ಇನ್ನೂ ಇದೆ! ಇಲ್ಲಿ ಓಪಿಜಿ ತೆಗೆದಾಗ ಗೊತ್ತಾಯಿತು, ಅದರ ಕೆಳಗೆ ಪರ್ಮನೆಂಟ್ ಹಲ್ಲೇ ಇಲ್ಲ. ಕೀಳಿಸಿ ಇಂಪ್ಲಾಂಟ್ ಹಾಕಿಸಲಾ?

ಕ್ಲಿಪ್_ಕೆಲಸ
ಗಟ್ಟಿಯಾಗಿ, ಹುಳುಕಿಲ್ಲದೆ, ಪಕ್ಕದವುಗಳ ಮಟ್ಟಕ್ಕೆ ಇದ್ದರೆ ಬಿಡಿ ಸರ್. ಹುಟ್ಟಿನಿಂದ ಇಲ್ಲದ ಹಲ್ಲುಗಳಲ್ಲಿ ಬುದ್ಧಿ ಹಲ್ಲು ಬಿಟ್ಟರೆ ಕೆಳಗಿನ ಹಾಲು ದವಡೆ ಹಲ್ಲಿನ ಜಾಗಕ್ಕೆ ಬರಬೇಕಾದ ಹಲ್ಲೂ, ಮೇಲಿನ ಎರಡನೇ ಬಾಚಿಹಲ್ಲೂ ಸಾಮಾನ್ಯ. ಹಾಲು ಹಲ್ಲು ದಶಕಗಟ್ಟಲೆ ಕೆಲಸ ಮಾಡಿದ್ದನ್ನು ನೋಡಿದ್ದೇವೆ. ಮಕ್ಕಳಲ್ಲಿ ಮಾತ್ರ ಅದು ಮೂಳೆಗೆ ಅಂಟಿಕೊಂಡು, ಪಕ್ಕದವು ಬೆಳೆದಂತೆಲ್ಲ ಕೆಳಗೆ ಮುಳುಗುತ್ತಾ ಹೋದರೆ ತೋರಿಸಬೇಕು.

ನಾಟಿ_ಮದ್ದು
ಇಷ್ಟೆಲ್ಲ ಯಾಕೆ? ಕ್ಯಾಲ್ಸಿಯಂ ಮಾತ್ರೆ ಕೊಡಿ, ವಸಡನ್ನು ಸ್ವಲ್ಪ ಕೊಯ್ದರೆ ಹಲ್ಲು ಬಂದೇ ಬರುತ್ತೆ. ನಮ್ಮೂರಲ್ಲಿ ಹಾಗೇ ಮಾಡುತ್ತಿದ್ದರು.

ಬಾಯಿ_ತೆರಿ_ಕಂದ
ದಯವಿಟ್ಟು ಮನೆಯಲ್ಲಿ ಯಾರೂ ಕೊಯ್ಯಬೇಡಿ. ಹಾಲು ಹಲ್ಲು ತುಂಬಾ ಬೇಗ ಹೋಗಿ ವಸಡು ದಪ್ಪಗಟ್ಟಿದಾಗ ನಾವೂ ಚಿಕ್ಕ ಕಿಟಕಿ ತೆರೆಯುತ್ತೇವೆ. ಅದು ಎಕ್ಸ್‌ರೇ ನೋಡಿ, ಹಲ್ಲು ವಸಡಿನ ಕೆಳಗೇ ಇದೆ ಅಂತ ಖಾತ್ರಿಯಾದ ಮೇಲೆ. ಹಲ್ಲು ಬರುವ ಮುಂಚೆ ವಸಡು ನೀಲಿಯಾಗಿ ಉಬ್ಬಿದರೂ ಮುಟ್ಟಬೇಡಿ, ಬಹುಪಾಲು ತಾನೇ ಒಡೆದು ಹಲ್ಲು ಬರುತ್ತದೆ.

ಕ್ಯಾಲ್ಸಿಯಂ ಮಾತ್ರೆ ಅಂಗುಳಿಗೆ ತಿರುಗಿದ ಹಲ್ಲನ್ನು ತಿರುಗಿಸಲ್ಲ. ಬಾಯಿಯ ಹಲ್ಲುಗಳೆಲ್ಲವೂ ವರ್ಷಗಟ್ಟಲೆ ತಡ, ಮಗುವಿನ ಎತ್ತರವೂ ಕಡಿಮೆ ಅಂದರೆ ಥೈರಾಯ್ಡ್, ವಿಟಮಿನ್ ಡಿ ನೋಡಿಸಬೇಕು. ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವ ಮಕ್ಕಳಲ್ಲಿ ವಸಡು ಬೆಳೆದು ಹಲ್ಲು ಮುಚ್ಚಿರುತ್ತದೆ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದ ಡಾಕ್ಟರನ್ನು ಕೇಳಿ. ಅಪರೂಪಕ್ಕೆ ದವಡೆ ಹಲ್ಲುಗಳು ಅರ್ಧ ಬಂದು ನಿಂತೇಬಿಡುತ್ತವೆ. ಅದರಲ್ಲಿ ಕೆಲವರಿಗೆ ಪಿಟಿಎಚ್1ಆರ್ ಎಂಬ ವಂಶವಾಹಿಯ ದೋಷ ಇರುತ್ತದೆ. ಅಂಥ ಹಲ್ಲನ್ನು ಕ್ಲಿಪ್ ಹಾಕಿ ಎಳೆದರೆ ಬರಲ್ಲ, ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಕಾಫಿ_ತೋಟ
ಎಲ್ಲರಿಗೂ ಥ್ಯಾಂಕ್ಸ್. ಹಾಸನಕ್ಕೆ ಹೋಗಿ ಎಕ್ಸ್‌ರೇ ಆಯಿತು. ಮೊದಲು ಓಪಿಜಿ. ಆಮೇಲೆ ಒಂದೇ ಜಾಗದ ಎರಡು ಚಿಕ್ಕ ಫಿಲ್ಮ್ ತೆಗೆದರು, ಎರಡನೆಯದಕ್ಕೆ ಯಂತ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಯಂತ್ರ ಸರಿದ ಕಡೆಗೇ ಫಿಲ್ಮಿನಲ್ಲಿ ಕೋರೆ ಹಲ್ಲೂ ಸರಿದಿತ್ತು. “ಹಾಗಾದರೆ ಅಂಗುಳಿನ ಕಡೆ ಇದೆ” ಅಂದರು. ಬೇರು ಸವೆದಿಲ್ಲ. ಹಲ್ಲಿನ ತಲೆ ಪಕ್ಕದ ಬಾಚಿಹಲ್ಲಿನ ಬೇರಿನ ಅರ್ಧ ದಾಟಿಲ್ಲವಂತೆ. ಆಪರೇಷನ್ ಸದ್ಯಕ್ಕೆ ಬೇಡ, ಹಾಲು ಕೋರೆ ಹಲ್ಲನ್ನು ಮಾತ್ರ ಕೀಳೋಣ ಅಂತಾರೆ. ಅತ್ತೆಗೆ ಒಪ್ಪಿಗೆ ಇಲ್ಲ, ಚೆನ್ನಾಗಿರೋ ಹಲ್ಲು ಯಾಕೆ ಕೀಳಬೇಕು ಅಂತ.

ಕ್ಲಿಪ್_ಕೆಲಸ
ಒಳ್ಳೆ ಸುದ್ದಿ ಮೇಡಂ. ಇದೇ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ 10ರಿಂದ 13 ವರ್ಷದ ಮಕ್ಕಳಲ್ಲಿ ಇದನ್ನೇ ಮಾಡಿದ್ದರು. ಅಂಗುಳಿನ ಕಡೆ ಹೊರಟಿದ್ದ 46 ಕೋರೆ ಹಲ್ಲುಗಳಲ್ಲಿ 36 ಸರಿದಾರಿಗೆ ಬಂದವು. ನಿಮ್ಮ ಮಗಳ ಹಾಗೆ ಅರ್ಧ ದಾಟದೆ ಇದ್ದವುಗಳಲ್ಲಿ 91%, ದಾಟಿದ್ದವುಗಳಲ್ಲಿ 64%.

ಸಿವಿಲ್_ಎಂಜಿನಿಯರ್
ಕೀಳದೆ ಬಿಟ್ಟಿದ್ದರೂ ಅವುಗಳಲ್ಲಿ ಎಷ್ಟೋ ಬರುತ್ತಿದ್ದವೇನೋ. ಹೋಲಿಸಿ ನೋಡಿದ್ದಾರಾ?

ಕ್ಲಿಪ್_ಕೆಲಸ
ಸರಿಯಾದ ಪ್ರಶ್ನೆ. 1988ರಲ್ಲಿ ಹೋಲಿಕೆ ಗುಂಪು ಇರಲಿಲ್ಲ. 2015ರಲ್ಲಿ ಸ್ವೀಡನ್ನಿನಲ್ಲೇ ಚೀಟಿ ಎತ್ತಿದಂತೆ ಗುಂಪು ಮಾಡಿ ನೋಡಿದರು. ಕಿತ್ತ ಕಡೆ 69% ಬಂದವು, ಕೀಳದ ಕಡೆ 39%. ಅಂದರೆ ಸುಮ್ಮನಿದ್ದರೂ ಕೆಲವು ಬರುತ್ತವೆ, ನಿಜ. ಆದರೆ ಕಿತ್ತರೆ ಲಾಭ ಇದೆ.

ಕಾಫಿ_ತೋಟ
ಬರದಿದ್ದರೆ?

ಬಾಯಿ_ತೆರಿ_ಕಂದ
ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಒಂದು ವರ್ಷದಲ್ಲಿ ಎಕ್ಸ್‌ರೇಯಲ್ಲಿ ಸುಧಾರಣೆ ಕಾಣದಿದ್ದರೆ ಮುಂದಿನ ದಾರಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅಂಗುಳಿನ ವಸಡು ಬಿಡಿಸಿ, ಹಲ್ಲಿನ ತಲೆಗೆ ಸಣ್ಣ ಗುಂಡಿ ಅಂಟಿಸಿ, ಅದಕ್ಕೆ ತೆಳು ಸರಪಳಿ ಕಟ್ಟಿ, ವಸಡು ಹೊಲಿಯುತ್ತಾರೆ. ಆಮೇಲೆ ಕ್ಲಿಪ್‌ನಿಂದ ನಿಧಾನಕ್ಕೆ ಎಳೆಯೋದು. ಒಟ್ಟು ಚಿಕಿತ್ಸೆ ಎರಡು ವರ್ಷದ ಹತ್ತಿರ ಹೋಗಬಹುದು. ನಿಮ್ಮತ್ತೆಯವರಿಗೆ ಇದನ್ನು ಹೇಳಿ ನೋಡಿ. ಒಂದು ಹಾಲು ಹಲ್ಲು ಕೊಟ್ಟು ಇದನ್ನು ತಪ್ಪಿಸುವ ಅವಕಾಶ ಇದೆ ಅಂದರೆ ಒಪ್ಪಬಹುದು. 13 ದಾಟಿದ ಮೇಲೆ ಈ ಅವಕಾಶ ಕಡಿಮೆಯಾಗುತ್ತಾ ಹೋಗುತ್ತದೆ.

ಖರ್ಚಿನ ಚಿಂತೆ ಇರುವವರು ದಂತ ಕಾಲೇಜುಗಳಿಗೆ ಹೋಗಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜೇ ಇದೆ. ಖರ್ಚು ಕಡಿಮೆ, ಕಾಯೋದು ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡವೂ ಹಲ್ಲು ನೋಡುತ್ತದೆ, ಅವರಿಗೂ ಹೇಳಬಹುದು.

ಶಿರಸಿ_ಅಮ್ಮ
ನನ್ನ ಎರಡನೆಯವಳಿಗೆ 10. ಇದನ್ನೋದಿ ಬೆರಳು ಹಾಕಿ ನೋಡಿದೆ, ಎರಡೂ ಕಡೆ ಉಬ್ಬು ಸಿಕ್ಕಿತು. ಹುಡುಗಿ ಕಚ್ಚಿದಳು, ಅದು ಬೇರೆ ಮಾತು.

ಕಾಫಿ_ತೋಟ
😄 ಅತ್ತೆ ಒಪ್ಪಿದರು, ಸೋಮವಾರ ಹಲ್ಲು ಕೀಳಿಸ್ತಿದ್ದೀವಿ. ಚಿಕ್ಕ ಮಗನಿಗೆ 8. ಅವನದ್ದೂ ಈಗಲೇ ಎಕ್ಸ್‌ರೇ ತೆಗೆಸಿಬಿಡಲಾ?

ಬಾಯಿ_ತೆರಿ_ಕಂದ
ಈಗ ಬೇಡ. 9 ತುಂಬಿದ ಮೇಲೆ ಮುಟ್ಟಿ ನೋಡಿ. ಅಕ್ಕನಿಗೆ ಇರುವುದರಿಂದ 10-11ರ ಹೊತ್ತಿಗೆ ಒಮ್ಮೆ ತೋರಿಸಿ. ಆ ಓಪಿಜಿಯ ಪ್ರತಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೇರೆ ಕಡೆ ಹೋದರೆ ಮತ್ತೆ ತೆಗೆಸೋದು ತಪ್ಪುತ್ತದೆ.